ಭರತನಾಟ್ಯ ಕಲಿತವಳು ಫ್ಲಮೆಂಕೊ ಕುಣಿದು, ಕಲಿಸಿ ಬದುಕಬಹುದಾ?

ನಿಮ್ಮ ಪ್ರಶ್ನೆ ಓದಿದೆ. ನಿಮಗೆ 23 ವರ್ಷ, 11 ವರ್ಷ ಭರತನಾಟ್ಯ ಕಲಿತಿದ್ದೀರಿ. ಈಗ ಫ್ಲಮೆಂಕೊ ಹುಚ್ಚು ಹಿಡಿದಿದೆ. ಸ್ಪೇನಿಗೆ ಹೋಗಿ ಕಲಿತು, ಅದನ್ನೇ ಕುಣಿದು, ಅದನ್ನೇ ಕಲಿಸಿ ಹೊಟ್ಟೆ ಹೊರೆಯಬಹುದಾ ಅಂತ ಕೇಳಿದ್ದೀರಿ. ಮನೆಯಲ್ಲಿ ವಯಸ್ಸು ಮೀರಿತು ಅನ್ನುತ್ತಿದ್ದಾರೆ ಅಂತಲೂ ಬರೆದಿದ್ದೀರಿ.

ಆಗುತ್ತದೆ. ನಾನು ಅದರಲ್ಲೇ ಬದುಕುತ್ತಿದ್ದೇನೆ. ಮೈಸೂರಿನಲ್ಲಿ ಭರತನಾಟ್ಯ ಕಲಿತು, 24ನೇ ವಯಸ್ಸಿಗೆ ಸ್ಪೇನಿನ ದಕ್ಷಿಣಕ್ಕೆ, ಆಂಡಲೂಸಿಯಾಕ್ಕೆ ಹೋದೆ. ಹೆರೆಸ್ ಮತ್ತು ಸೆವಿಯಾ ಊರುಗಳಲ್ಲಿ ಒಂಬತ್ತು ವರ್ಷ ಇದ್ದೆ. ಈಗ ಬೆಂಗಳೂರಿನಲ್ಲಿ ಕಲಿಸುತ್ತೇನೆ. ವರ್ಷಕ್ಕೆ ಒಂದೆರಡು ತಿಂಗಳು ಅಲ್ಲಿಗೆ ಹೋಗಿ ಬರುತ್ತೇನೆ. ಆದರೆ ನಿಮ್ಮ ಒಂದು ಮಾತು ಓದಿ ಸ್ವಲ್ಪ ಭಯವಾಯಿತು. "ಕಾಲು ಆಗಲೇ ಪಳಗಿದೆ, ಅರ್ಧ ಕೆಲಸ ಮುಗಿದ ಹಾಗೇ ಅಲ್ವಾ?" ಅಂದಿದ್ದೀರಿ. ನಾನೂ ಹಾಗೇ ಅಂದುಕೊಂಡು ವಿಮಾನ ಹತ್ತಿದ್ದೆ.

ಕಾಲು ಬೇಗ ಬರುತ್ತದೆ, ನಿಜ. ಭರತನಾಟ್ಯದ ಮೊದಲ ಹೆಜ್ಜೆಯಾದ ತಟ್ಟಡವು ಹಾಕಿದ ಕಾಲಿಗೆ ಲೆಕ್ಕ ಹೊಸದಲ್ಲ. ಭರತನಾಟ್ಯದಲ್ಲಿ ಅಂಗಾಲು ಪೂರ್ತಿ ಬಡಿಯುವುದೇ ಜಾಸ್ತಿ. ಫ್ಲಮೆಂಕೊದಲ್ಲಿ ಮುಂಗಾಲು, ಹಿಮ್ಮಡಿ, ಬೆರಳ ತುದಿ ಎಲ್ಲಕ್ಕೂ ಬೇರೆ ಬೇರೆ ಸದ್ದು. ಶೂ ತುದಿಗೂ ಹಿಮ್ಮಡಿಗೂ ಸಣ್ಣ ಮೊಳೆಗಳನ್ನು ಒತ್ತೊತ್ತಾಗಿ ಹೊಡೆದಿರುತ್ತಾರೆ, ಅದರಿಂದ ಆ ಸದ್ದು. ಮಂಡಿ ಹೊರಕ್ಕೆ ತಿರುಗಿಸಿ ಅರ್ಧ ಕೂರುವ ಅರೆಮಂಡಿ ಇಲ್ಲ. ಮಂಡಿ ಸ್ವಲ್ಪ ಸಡಿಲ, ಆದರೆ ಹೊರಕ್ಕೆ ತಿರುಗಿಸುವ ಹಾಗಿಲ್ಲ. ಇದೆಲ್ಲ ಒಂದು ವರ್ಷದಲ್ಲಿ ಮೈಗೆ ಹತ್ತುತ್ತದೆ. ಲೆಕ್ಕವೂ ಹತ್ತುತ್ತದೆ. ಸೊಲೆಯಾ ಅನ್ನುವ ಗಂಭೀರ ಪ್ರಕಾರಕ್ಕೆ 12 ಎಣಿಕೆಯ ಆವರ್ತ. ಒತ್ತು ಬೀಳುವುದು 3, 6, 8, 10, 12ರ ಮೇಲೆ. ಅಂದರೆ ಮೂರು ಮೂರು ಎರಡು ಎರಡು ಎರಡು. ಇದಕ್ಕೆ ಕಂಪಾಸ್ ಅನ್ನುತ್ತಾರೆ. ತಾಳ ಹಾಕಿ ಬೆಳೆದವರಿಗೆ ಇದು ಕಷ್ಟವೇ ಅಲ್ಲ.

ಕಷ್ಟ ಇರುವುದು ಹಾಡಿನಲ್ಲಿ.

ಎರಡನೇ ವರ್ಷ ಸೆವಿಯಾದ ತ್ರಿಯಾನಾ ಕಡೆ ಒಂದು ಚಿಕ್ಕ ತಬ್ಲಾವೊದಲ್ಲಿ ಕುಣಿಯುವ ಅವಕಾಶ ಸಿಕ್ಕಿತು. ತಬ್ಲಾವೊ ಅಂದರೆ ಹಲಗೆ ಹಾಸಿದ ಪುಟ್ಟ ವೇದಿಕೆ ಇರುವ ಜಾಗ. ನಲವತ್ತು ಕುರ್ಚಿ ಇದ್ದಿರಬೇಕು. ಕುಣಿಯಬೇಕಾದ ಹುಡುಗಿಗೆ ಜ್ವರ, ನನ್ನನ್ನು ಕರೆದರು. ಅಲ್ಲಿ ರಿಹರ್ಸಲ್ ಅಂತ ಇರುವುದಿಲ್ಲ. ಹತ್ತು ನಿಮಿಷ ಮುಂಚೆ ಒಳಗಿನ ಓಣಿಯಲ್ಲಿ ನಿಂತು ಹಾಡುವವರಿಗೂ ಗಿಟಾರಿನವರಿಗೂ ಹೇಳಬೇಕು: "ಸೊಲೆಯಾ, ಎರಡು ಪದ್ಯ, ಆಮೇಲೆ ಕಾಲಿನ ಕೆಲಸ, ಬುಲೆರಿಯಾಸಿನಲ್ಲಿ ಮುಗಿಸುತ್ತೇನೆ." ಅಷ್ಟೇ. ಉಳಿದದ್ದೆಲ್ಲ ವೇದಿಕೆ ಮೇಲೆ. ಬುಲೆರಿಯಾಸ್ ಅಂದರೆ ಚುರುಕು ನಡೆಯ ಇನ್ನೊಂದು ಪ್ರಕಾರ.

ನಾನು ಮನೆಯಲ್ಲಿ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಹಾಡುಗಾರರು ಆವತ್ತು ಕೊನೇ ಸಾಲನ್ನು ಎಳೆದರು. ಉಸಿರು ಹಿಡಿದು, ದನಿ ಒಡೆಯುವ ತನಕ ಎಳೆದರು. ನನ್ನ ತಲೆಯಲ್ಲಿ ಹತ್ತನೇ ಎಣಿಕೆ ಬಂತು. ಠಪ್ ಅಂತ ಮುಗಿತಾಯದ ಪೆಟ್ಟು ಹಾಕಿದೆ. ಅವರ ಸಾಲು ಅರ್ಧದಲ್ಲೇ ತುಂಡಾಯಿತು. ಗಿಟಾರಿನವರು ತಲೆ ಬಗ್ಗಿಸಿ ಒಂದು ಆವರ್ತ ತುಂಬಿಸಿ ಹೇಗೋ ಮುಚ್ಚಿದರು. ಜನ ಚಪ್ಪಾಳೆ ಹೊಡೆದರು. ವೇದಿಕೆ ಮೇಲಿದ್ದವರಿಗೆಲ್ಲ ಗೊತ್ತಾಗಿತ್ತು. ಕೋಟು ಹಾಕಿಕೊಳ್ಳುತ್ತಾ ಆ ಹಾಡುಗಾರರು ನನಗೆ ಹೇಳಿದ್ದು ಒಂದೇ ಮಾತು: "ನಾನಿನ್ನೂ ಹಾಡುತ್ತಿದ್ದೆ ಮಗಳೇ."

ಮುಂದೆ ಬಹಳ ತಿಂಗಳು ಆ ಜಾಗದಿಂದ ಕರೆ ಬರಲಿಲ್ಲ. ಕರೆಯದೇ ಇದ್ದದ್ದೇ ಸರಿ ಅಂತ ಈಗ ಅನ್ನಿಸುತ್ತದೆ.

ಆಮೇಲೆ ಒಂದು ವರ್ಷ ನಾನು ಹೆಚ್ಚಾಗಿ ಕುಣಿಯಲೇ ಇಲ್ಲ. ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಇದಕ್ಕೆ ಪಾಲ್ಮಾಸ್ ಅನ್ನುತ್ತಾರೆ. ಸುಮ್ನೆ ಚಪ್ಪಾಳೆ ಅಂದುಕೊಳ್ಳಬೇಡಿ, ಅದು ಒಂದು ವಾದ್ಯ. ಹಾಡು ನಡೆಯುವಾಗ ಎರಡೂ ಅಂಗೈ ಬೊಗಸೆಯ ಹಾಗೆ ಸ್ವಲ್ಪ ಗುಳಿ ಮಾಡಿ ತಟ್ಟಬೇಕು. ಆಗ ಸದ್ದು ಮೆತ್ತಗೆ, ಒಳಗಿನಿಂದ ಬಂದ ಹಾಗಿರುತ್ತದೆ, ಹಾಡುವವರ ದನಿಗೆ ಅಡ್ಡ ಬರುವುದಿಲ್ಲ. ಕಾಲಿನ ಕೆಲಸ ಶುರುವಾದಾಗ ಬಲಗೈಯ ಮೂರು ಬೆರಳು ಎಡ ಅಂಗೈಯ ಗುಂಡಿಗೆ ಬೀಳಬೇಕು. ಆಗ ಸದ್ದು ಚುರುಕು, ಒಣ ಕಡ್ಡಿ ಮುರಿದ ಹಾಗೆ. ಒಂದರಿಂದ ಇನ್ನೊಂದಕ್ಕೆ ಯಾವಾಗ ಹೊರಳಬೇಕು ಅಂತ ಯಾರೂ ಹೇಳುವುದಿಲ್ಲ. ಹಾಡು ಕೇಳಿಸಿಕೊಂಡೇ ಗೊತ್ತಾಗಬೇಕು.

ಆ ಕುರ್ಚಿಯಲ್ಲಿ ಕೂತು ನನಗೆ ಕೆಲಸ ಸಿಕ್ಕಿತು. ಇದನ್ನು ಒತ್ತಿ ಹೇಳುತ್ತೇನೆ. ಚೆನ್ನಾಗಿ ಕುಣಿಯುವ ಹುಡುಗಿಯರು ಸೆವಿಯಾದಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಕಂಪಾಸ್ ಬಿಡದೆ, ಹಾಡುವವರ ಮೇಲೆ ಬೀಳದೆ ತಟ್ಟುವವರು ಕಡಿಮೆ. ಮೊದಲು ತಟ್ಟಲು ಕರೆದರು. ಹಾಡುವವರಿಗೆ ನನ್ನ ಮೇಲೆ ನಂಬಿಕೆ ಬಂತು. ಆಮೇಲೆ ಅವರೇ "ಇವಳು ಕುಣಿಯಲಿ" ಅಂದರು.

ಫ್ಲಮೆಂಕೊ ಅಂದರೆ ನೃತ್ಯ ಅಂತ ಹೊರಗಿನವರು ತಿಳಿದಿದ್ದೇವೆ. ಅಲ್ಲಿಯವರಿಗೆ ಮೊದಲು ಹಾಡು, ಆಮೇಲೆ ಗಿಟಾರು ಮತ್ತು ನೃತ್ಯ. ನಾವು ಕುಣಿಯುವುದು ಆ ಹಾಡಿಗೆ ಕೊಡುವ ಉತ್ತರ. ಪದ್ಯ ಬೇಕು ಅಂದರೆ ಕಾಲಿನಿಂದ ಕರೆಯಬೇಕು, ಅದಕ್ಕೆ ಯಮಾದಾ ಅಂತ ಹೆಸರು. ಅವರು ಹಾಡುವಾಗ ಸುಮ್ಮನೆ ನಡೆಯಬೇಕು, ತೋಳು ತಿರುಗಬೇಕು. ಸಾಲು ಮುಗಿದಾಗ ಮುಗಿತಾಯ ಕೊಡಬೇಕು. ಹಾಗಾಗಿ ಭಾಷೆ ಕಲಿಯಲೇಬೇಕು. ಪುಸ್ತಕದ ಸ್ಪ್ಯಾನಿಷ್ ಸಾಲದು. ಆಂಡಲೂಸಿಯಾದವರು ಪದದ ಕೊನೆಯ ‘ಸ್’ ನುಂಗಿಬಿಡುತ್ತಾರೆ. ಮೊದಲ ಆರು ತಿಂಗಳು ನನಗೆ ತರಕಾರಿ ಕೊಳ್ಳಲೂ ಕಷ್ಟವಾಗಿತ್ತು.

‘ಸ್ಪ್ಯಾನಿಷ್ ಡಾನ್ಸ್’ ಮತ್ತು ಫ್ಲಮೆಂಕೊ ಒಂದೇನಾ ಅಂತಲೂ ಕೇಳಿದ್ದೀರಿ. ಒಂದಲ್ಲ. ಸ್ಪೇನಿನ ನೃತ್ಯಶಾಲೆಗಳಲ್ಲಿ ‘ದಾನ್ಸಾ ಎಸ್ಪಾನ್ಯೋಲಾ’ ಅಂದರೆ ನಾಲ್ಕು ಕವಲು: ಊರೂರಿನ ಜನಪದ ಕುಣಿತ, ಮೆತ್ತನೆ ಚಪ್ಪಲಿ ಹಾಕಿ ಬ್ಯಾಲೆ ಥರ ನೆಗೆಯುವ ಬೊಲೆರಾ ಪದ್ಧತಿ, ಫ್ಲಮೆಂಕೊ, ಮತ್ತೆ ಇವೆಲ್ಲ ಬೆರೆಸಿ ರಂಗಕ್ಕೆ ಕಟ್ಟುವ ಶೈಲಿ. ಸರ್ಕಾರಿ ಕನ್ಸರ್ವೇಟರಿಗಳಲ್ಲಿ ಮಕ್ಕಳು ನಾಲ್ಕು ವರ್ಷ ಪ್ರಾಥಮಿಕ, ಆರು ವರ್ಷ ವೃತ್ತಿಪರ ಹಂತ ಮುಗಿಸುತ್ತಾರೆ. 1978ರಲ್ಲಿ ಶುರುವಾದ ಸ್ಪೇನಿನ ರಾಷ್ಟ್ರೀಯ ನೃತ್ಯ ತಂಡ ಬ್ಯಾಲೆ ನಾಸಿಯೊನಾಲ್ ದೆ ಎಸ್ಪಾನ್ಯಾ ಥರದ ತಂಡಕ್ಕೆ ಸೇರುವವರು ಇಂಥ ತಳಪಾಯ ಇದ್ದವರು. ಅದರ ಮೊದಲ ನಿರ್ದೇಶಕರು ಅಂತೋನಿಯೊ ಗಾದೆಸ್. ಅಲ್ಲಿ ಸಂಬಳ ಇದೆ. ಆದರೆ ಬ್ಯಾಲೆ, ಬೊಲೆರಾ, ಕೈಯಲ್ಲಿ ನುಡಿಸುವ ಚಿಪ್ಪಿನಂಥ ತಾಳ ಕ್ಯಾಸ್ಟನೆಟ್ ಎಲ್ಲ ಕೈವಶ ಇರಬೇಕು. 23ಕ್ಕೆ ಶುರು ಮಾಡುವ ನಿಮಗೆ ಆ ದಾರಿ ಬಹಳ ಕಷ್ಟ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಆದರೂ ಕ್ಯಾಸ್ಟನೆಟ್ ಕಲಿಯಿರಿ. ಟೀಚರ್ ಆಗುವವರಿಗೆ ಅದು ಬೇಕು. ಹೆಬ್ಬೆರಳಿಗೆ ದಾರ ಸುತ್ತಿ, ಬಲಗೈಯ ನಾಲ್ಕು ಬೆರಳಿನಿಂದ ಒಂದರ ಹಿಂದೆ ಒಂದು ಉರುಳಿಸಬೇಕು. ಹೇಳಿಕೊಡುವಾಗ ಬಾಯಲ್ಲೂ ಹೇಳುತ್ತಾರೆ: "ರಿಯಾ, ರಿಯಾ, ಪಿ, ತಾ." ಮೊದಲ ದಿನ ಕೇಳಿದಾಗ ನನಗೆ ಮೈಸೂರಿನ ಕ್ಲಾಸಿನ ಸೊಲ್ಲುಕಟ್ಟು, ಬಾಯಲ್ಲಿ ಹೇಳುವ ಹೆಜ್ಜೆಯ ಸೊಲ್ಲು, ನೆನಪಾಗಿ ಗಂಟಲು ಕಟ್ಟಿತು.

ಹೊರಗಿನವಳನ್ನು ಯಾರು ಒಪ್ಪುತ್ತಾರೆ ಅನ್ನುವ ಚಿಂತೆ ಬಿಡಿ. ಹೆಸರಾಂತ ನರ್ತಕ ಹೋಸೆ ಗ್ರೆಕೊ ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ನ್ಯೂಯಾರ್ಕಿನಲ್ಲಿ. ಸ್ಪೇನಿನ ದೊಡ್ಡ ನರ್ತಕಿ ಲಾ ಆರ್ಖೆಂತಿನಿತಾ ಜೊತೆ, ಆಮೇಲೆ ಅವರ ತಂಗಿ ಪಿಲಾರ್ ಲೋಪೆಸ್ ಜೊತೆ ಕುಣಿದರು. ಸ್ವಂತ ತಂಡ ಕಟ್ಟಿ ಅಮೆರಿಕದ ತುಂಬ ಸ್ಪ್ಯಾನಿಷ್ ನೃತ್ಯ ತೋರಿಸಿದರು. ಕೊನೆಗಾಲದಲ್ಲಿ ಪೆನ್ಸಿಲ್ವೇನಿಯಾದ ಕಾಲೇಜಿನಲ್ಲಿ ಪಾಠ ಹೇಳಿದರು. ಹೆರೆಸ್‌ನಲ್ಲಿ 1997ರಿಂದ ನಡೆಯುವ ಉತ್ಸವಕ್ಕೆ ಹೋದರೆ, ಕ್ಲಾಸುಗಳಲ್ಲಿ ಜಪಾನಿನ ಹೆಂಗಸರು ಎಷ್ಟು ಜನ ಅಂತ ನೋಡಿ ಆಶ್ಚರ್ಯಪಡುತ್ತೀರಿ. ನಮ್ಮೂರಿಗೂ ಒಂದು ಹಳೇ ನಂಟಿದೆ. ಬೆಂಗಳೂರಿನ ನರ್ತಕ ರಾಮ್ ಗೋಪಾಲ್ 1930ರ ದಶಕದಲ್ಲಿ ಮೊದಲು ಹೊರದೇಶ ಸುತ್ತಿದ್ದು ಲಾ ಮೆರಿ ಅನ್ನುವ ಅಮೆರಿಕದ ನರ್ತಕಿಯ ಜೊತೆ. ಆಕೆ ಸ್ಪ್ಯಾನಿಷ್ ನೃತ್ಯವನ್ನೂ ಕುಣಿಯುತ್ತಿದ್ದರು, ಕಲಿಸುತ್ತಿದ್ದರು, ಅದರ ಬಗ್ಗೆ ಪುಸ್ತಕವನ್ನೂ ಬರೆದರು.

ಇನ್ನೊಂದು ಮಾತು. ‘ಫ್ಲಮೆಂಕೊ ನಮ್ಮ ಕಥಕ್‌ನಿಂದಲೇ ಹುಟ್ಟಿದ್ದು’ ಅಂತ ನಿಮಗೆ ಹತ್ತು ಜನ ಹೇಳುತ್ತಾರೆ. ನೀವು ಅದನ್ನು ಹೇಳಿಕೊಂಡು ತಿರುಗಬೇಡಿ. ರೋಮಾ ಜನರ, ಅಂದರೆ ಜಿಪ್ಸಿಗಳ, ಪೂರ್ವಿಕರು ಸಾವಿರ ವರ್ಷದ ಹಿಂದೆ ಭಾರತದಿಂದ ಹೊರಟವರು, ಅದು ಸರಿ. ಸ್ಪೇನಿನ ಜಿಪ್ಸಿಗಳ ಭಾಷೆಯಲ್ಲಿ ನೀರಿಗೆ ‘ಪಾನ್ಯಿ’ ಅನ್ನುತ್ತಾರೆ. ಅವರು ಸ್ಪೇನಿಗೆ ಬಂದದ್ದಕ್ಕೆ 1425ರ ದಾಖಲೆ ಇದೆ. ಆದರೆ ಫ್ಲಮೆಂಕೊ ರೂಪ ತಳೆದದ್ದು ಆಂಡಲೂಸಿಯಾದ ಬಡ ಕೇರಿಗಳಲ್ಲಿ, 18 ಮತ್ತು 19ನೇ ಶತಮಾನದಲ್ಲಿ, ಅಲ್ಲಿಯ ಎಲ್ಲ ಜನರ ಹಾಡು ಬೆರೆತು. ಅದು ಅವರ ನೋವು, ಅವರ ಸಂಪತ್ತು. ನಾವು ಕಲಿಯಲು ಹೋದವರು.

ಈಗ ದುಡ್ಡಿನ ಮಾತು. ತಬ್ಲಾವೊದಲ್ಲಿ ರಾತ್ರಿ ಲೆಕ್ಕ. ಒಂದೇ ರಾತ್ರಿ ಎರಡು ಶೋ ಇರುವುದು ಮಾಮೂಲು. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಕೈತುಂಬ ಕೆಲಸ, ಚಳಿಗಾಲದಲ್ಲಿ ಫೋನು ಬಡಿಯುವುದಿಲ್ಲ. ನನಗೆ ತಿಂಗಳಿಗೆ 12 ರಾತ್ರಿ ಸಿಕ್ಕರೆ ಅದು ಒಳ್ಳೇ ತಿಂಗಳು. ಒಂದು ಕಡೆ ಎರಡು ತಿಂಗಳ ದುಡ್ಡು ಬರಲೇ ಇಲ್ಲ. ಕೈಗೆ ಒಂದು ಚೀಟಿ ಕೂಡ ಕೊಟ್ಟಿರಲಿಲ್ಲ, ಕೇಳುವುದಕ್ಕೆ ಆಧಾರವೇ ಇರಲಿಲ್ಲ. ಹಾಗಾಗಿ ಕಾಗದ ಪತ್ರ ಇಲ್ಲದೆ ಕುಣಿಯಬೇಡಿ. ಯಾವ ವೀಸಾದಲ್ಲಿ ಎಷ್ಟು ಕೆಲಸ ಮಾಡಬಹುದು ಅಂತ ಹೊರಡುವ ಮುಂಚೆಯೇ ಕಾನ್ಸುಲೇಟಿನಲ್ಲಿ ಕೇಳಿಕೊಳ್ಳಿ. ಬಾಡಿಗೆ ಕಟ್ಟಿದ್ದು ಯಾವತ್ತೂ ಪಾಠ ಹೇಳಿದ ದುಡ್ಡಿನಿಂದಲೇ. ನನಗೆ ಗೊತ್ತಿರುವ ಹೆಚ್ಚಿನ ನರ್ತಕಿಯರ ಕತೆಯೂ ಇದೇ. ಕುಣಿತ ಹೆಸರು ತರುತ್ತದೆ, ಕಲಿಸುವುದು ಊಟ ಹಾಕುತ್ತದೆ.

ಕಲಿಸುವುದು ಎರಡನೇ ದರ್ಜೆ ಅಂತ ಮಾತ್ರ ತಿಳಿಯಬೇಡಿ. ನನ್ನ ಕ್ಲಾಸಿನಲ್ಲಿ ಮೊದಲ ಆರು ವಾರ ಯಾರಿಗೂ ಶೂ ಇಲ್ಲ. ಕುರ್ಚಿ ಸುತ್ತ ಹಾಕಿ ಕೂರುತ್ತೇವೆ. ಬೊಗಸೆ ಚಪ್ಪಾಳೆಯಲ್ಲಿ 12 ಎಣಿಸುತ್ತೇವೆ. ಆಮೇಲೆ ಒಂದು ಹಾಡು ಹಾಕಿ, ಕಣ್ಣು ಮುಚ್ಚಿಸಿ ಹೇಳುತ್ತೇನೆ: "ಸಾಲು ಮುಗಿಯಿತು ಅನ್ನಿಸಿದಾಗ ಕೈ ಎತ್ತಿ." ಯಾರಿಗೂ ಸ್ಪ್ಯಾನಿಷ್ ಬರುವುದಿಲ್ಲ. ಮೊದಲ ವಾರ ಒಬ್ಬರ ಕೈ ಅಲ್ಲಿ, ಇನ್ನೊಬ್ಬರ ಕೈ ಇಲ್ಲಿ. ಹಾಡುವವರು ಉಸಿರು ತೆಗೆದುಕೊಂಡರೆ ಸಾಕು, ಅರ್ಧ ಜನ ಕೈ ಎತ್ತಿಬಿಡುತ್ತಾರೆ. ಉಸಿರು ಬೇರೆ, ಮುಗಿಯುವುದು ಬೇರೆ ಅಂತ ನಿಧಾನಕ್ಕೆ ಕಿವಿಗೆ ಗೊತ್ತಾಗುತ್ತದೆ. ಐದನೇ ವಾರಕ್ಕೆ ಹತ್ತು ಕೈ ಒಟ್ಟಿಗೆ ಮೇಲೇಳುತ್ತವೆ. ಆ ಕ್ಷಣ ನೋಡಲು ನಾನು ಕಣ್ಣು ತೆರೆದುಕೊಂಡೇ ಕೂರುತ್ತೇನೆ. ತ್ರಿಯಾನಾದ ಆ ರಾತ್ರಿ ನನಗೆ ಬರದೇ ಇದ್ದದ್ದು ಇದೇ.

ಮೈ ಬಗ್ಗೆಯೂ ಹೇಳಬೇಕು. ಮಂಡಿ, ಸೊಂಟ, ಮುಂಗಾಲಿನ ಮೂಳೆ ಈ ಮೂರು ಹಾಳಾಗುವ ಜಾಗ. ನಮ್ಮ ಮನೆಗಳ ಗ್ರಾನೈಟ್, ಟೈಲ್ಸ್ ನೆಲದ ಮೇಲೆ ದಯವಿಟ್ಟು ಹಿಮ್ಮಡಿ ಬಡಿಯಬೇಡಿ. ಕೆಳಗೆ ಕಾಂಕ್ರೀಟ್, ಏಟೆಲ್ಲ ವಾಪಸ್ ಮಂಡಿಗೇ ಬರುತ್ತದೆ. ದಪ್ಪ ಪ್ಲೈವುಡ್ ಹಲಗೆ, ಅದರ ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ನನ್ನ ಎಡ ಮಂಡಿ ಇದನ್ನು ತಡವಾಗಿ ಕಲಿಸಿತು. ಈಗ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಕಾಲಿನ ಕೆಲಸ ಮಾಡುವುದಿಲ್ಲ.

ಮನೆಯವರ ಮಾತಿಗೆ: ಫ್ಲಮೆಂಕೊದ ದೊಡ್ಡ ನರ್ತಕಿ ಕಾರ್ಮೆನ್ ಅಮಾಯಾ ಬಾರ್ಸಿಲೋನಾದಲ್ಲಿ ಪುಟ್ಟ ಹುಡುಗಿಯಾಗಿದ್ದಾಗಲೇ ಅಪ್ಪನ ಗಿಟಾರಿಗೆ ಹೆಂಡದಂಗಡಿಗಳಲ್ಲಿ ಕುಣಿಯುತ್ತಿದ್ದರು. ಅಂಥ ಕಾಲು 23ಕ್ಕೆ ಶುರು ಮಾಡಿದವರಿಗೆ ಬರುವುದಿಲ್ಲ. ನನಗೂ ಬರಲಿಲ್ಲ. ಆದರೆ ವಯಸ್ಸಾಯಿತು ಅಂತ ಕುಣಿಯುವವರನ್ನು ಅಲ್ಲಿ ಯಾರೂ ಕೆಳಗಿಳಿಸುವುದಿಲ್ಲ. ಹೆರೆಸ್‌ನ ಒಂದು ಕೂಟದಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಎದ್ದು, ಏಪ್ರನ್ ಕೂಡ ಬಿಚ್ಚದೆ, ಬುಲೆರಿಯಾಸಿಗೆ ನಾಲ್ಕೇ ಹೆಜ್ಜೆ ಹಾಕಿದರು. ಒಂದು ತೋಳು ಎತ್ತಿದರು. ಕೋಣೆಯೆಲ್ಲ ಒಂದೇ ಉಸಿರಿಗೆ ‘ಒಲೇ’, ನಮ್ಮ ‘ಭಲೇ’ ಥರ, ಅಂದಿತು.

ನೀವು ಈಗಲೇ ಟಿಕೆಟ್ ತೆಗೆಯಬೇಡಿ, ಶೂ ಕೂಡ ಕೊಳ್ಳಬೇಡಿ. ಮೂರು ತಿಂಗಳು ದಿನಕ್ಕೆ ಅರ್ಧ ಗಂಟೆ ಸೊಲೆಯಾ ಹಾಡು ಹಾಕಿಕೊಂಡು ಬೊಗಸೆ ಚಪ್ಪಾಳೆ ತಟ್ಟಿ. ಸಾಲು ಎಲ್ಲಿ ಮುಗಿಯುತ್ತದೆ ಅಂತ ಕಾಯಿರಿ. ಜೊತೆಗೆ ಸ್ಪ್ಯಾನಿಷ್ ಶುರು ಮಾಡಿ. ಆಮೇಲೂ ಬೇಕು ಅನ್ನಿಸಿದರೆ, ಫೆಬ್ರವರಿ ಕೊನೆಯ ಹೊತ್ತಿಗೆ ಹೆರೆಸ್ ಉತ್ಸವದ ಕ್ಲಾಸಿಗೆ ಒಂದು ಸಲ ಹೋಗಿ ಬನ್ನಿ. ಮೂರು ತಿಂಗಳು ಆದ ಮೇಲೆ ಇಲ್ಲೇ ಬರೆಯಿರಿ. ಯಾವ ಶೂ, ಎಷ್ಟು ಎತ್ತರದ ಹಿಮ್ಮಡಿ ಅಂತ ಆಗ ಹೇಳುತ್ತೇನೆ.