ಡಬ್ಬಿಯ ಮೇಲೆ ‘ಕಾರ್ಬನ್ ನ್ಯೂಟ್ರಲ್’ ಎಂದು ಬರೆಯಬಹುದೆ?

ಪ್ರಶ್ನೆ: ಬೈಕಂಪಾಡಿಯ ಗೇರುಬೀಜ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದೇನೆ. ಯುರೋಪಿನ ಖರೀದಿದಾರರು ನಮ್ಮ ಇಂಗಾಲದ ಲೆಕ್ಕ ಕೇಳಿ ಫಾರ್ಮ್ ಕಳಿಸಿದ್ದಾರೆ. ಬಾಯ್ಲರಿಗೆ ಗೇರು ಸಿಪ್ಪೆಯನ್ನೇ ಉರಿಸುತ್ತೇವೆ, ಮಾಡಿನ ಮೇಲೆ ಸೋಲಾರ್ ಇದೆ. ಆದ್ದರಿಂದ ತಿರುಳಿನ ಡಬ್ಬಿಯ ಮೇಲೆ ‘ಕಾರ್ಬನ್ ನ್ಯೂಟ್ರಲ್’ (ನಿವ್ವಳ ಇಂಗಾಲ ಸೊನ್ನೆ) ಎಂದು ಅಚ್ಚು ಹಾಕಿಸಬೇಕೆಂದು ನಮ್ಮ ಧಣಿಗಳ ಆಸೆ. ಲೆಕ್ಕ ಮಾಡಬೇಕಾದವನು ನಾನು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಅಚ್ಚಿನ ಕೆಲಸವನ್ನು ನಿಲ್ಲಿಸಿ. ಸಿಪ್ಪೆ ಉರಿಸಿದಾಗ ಬರುವ ಇಂಗಾಲದ ಡೈಆಕ್ಸೈಡ್ ಜೈವಿಕ ಮೂಲದ್ದು ಎಂಬುದು ನಿಜ. ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಬಳಸುವ ಅಂತರರಾಷ್ಟ್ರೀಯ ಮಾನದಂಡವಾದ ಜಿಎಚ್‌ಜಿ ಪ್ರೋಟೊಕಾಲ್ ಪ್ರಕಾರ ಅದು ಸ್ಕೋಪ್ 1ರ (ಕಾರ್ಖಾನೆಯಿಂದಲೇ ನೇರವಾಗಿ ಹೊರಬೀಳುವ ಅನಿಲದ) ಮೊತ್ತಕ್ಕೆ ಸೇರುವುದಿಲ್ಲ, ಆದರೆ ಬೇರೆ ಸಾಲಿನಲ್ಲಿ ತೋರಿಸಲೇಬೇಕು. ಅದೇ ಬೆಂಕಿಯ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಸ್ಕೋಪ್ 1ರೊಳಗೇ ಬರುತ್ತವೆ. ‘ಸಿಪ್ಪೆ ಎಂದರೆ ಸೊನ್ನೆ’ ಎಂದು ಬರೆದ ಫಾರ್ಮ್ ನೋಡಿದ ಕೂಡಲೇ, ಲೆಕ್ಕ ಮಾಡಿದವರು ನಿಯಮ ಓದಿಲ್ಲ ಎಂದು ಪರಿಶೀಲಕರಿಗೆ ಗೊತ್ತಾಗುತ್ತದೆ. ಇನ್ನು ನಿಮ್ಮ ಕಚ್ಚಾ ಬೀಜ ಆಫ್ರಿಕಾದಿಂದ ಹಡಗಿನಲ್ಲಿ ಬರುವುದಾದರೆ ಆ ತೋಟ, ಆ ಪ್ರಯಾಣ ಎಲ್ಲವೂ ಸ್ಕೋಪ್ 3ರ, ಅಂದರೆ ಕಾರ್ಖಾನೆಯ ಹೊರಗಿನ ಸರಪಳಿಯ ಲೆಕ್ಕ. ಅದನ್ನು ಬಿಟ್ಟು ಡಬ್ಬಿಯೊಳಗಿನ ತಿರುಳನ್ನು ‘ನ್ಯೂಟ್ರಲ್’ ಎನ್ನಲು ಬರುವುದಿಲ್ಲ.

ಕಾನೂನೂ ಬಿಗಿಯಾಗಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ‘ಹಸಿರು’, ‘ಪರಿಸರಸ್ನೇಹಿ’ಯಂಥ ಸಾಮಾನ್ಯ ಮಾತುಗಳಿಗೂ ವಿವರಣೆ ಮತ್ತು ಪುರಾವೆ ಬೇಕು. ಯುರೋಪ್ ಒಕ್ಕೂಟದ 2024ರ ನಿರ್ದೇಶನವಂತೂ, ಕಾರ್ಬನ್ ಕ್ರೆಡಿಟ್ (ಬೇರೆಯವರು ತಗ್ಗಿಸಿದ ಇಂಗಾಲದ ಪತ್ರ) ಕೊಂಡು ಸರಿದೂಗಿಸಿ ಒಂದು ಉತ್ಪನ್ನವನ್ನು ‘ನ್ಯೂಟ್ರಲ್’ ಎಂದು ಗ್ರಾಹಕರಿಗೆ ಹೇಳುವುದನ್ನೇ ನಿಷೇಧಿಸಿದೆ. ಅದು ಅನ್ವಯವಾಗುವ ದಿನ 2026ರ ಸೆಪ್ಟೆಂಬರ್ 27. ಡಬ್ಬಿ ಹೋಗುವುದು ಅಲ್ಲಿಗೇ ತಾನೆ?

ಈಗ ಲೆಕ್ಕಕ್ಕೆ ಬರೋಣ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಅವಧಿ ಹಿಡಿಯಿರಿ.

ಮೆಸ್ಕಾಂ ವಿದ್ಯುತ್ ಬಿಲ್ಲಿನಿಂದ ಶುರು ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ. ಎಲೆಕ್ಟ್ರಿಷಿಯನ್ ದಿನವೂ ಬರೆದಿಡುವ ಪುಸ್ತಕದಲ್ಲಿ ಬರೀ ರೀಡಿಂಗ್ ಇರುತ್ತದೆ. ಎಚ್‌ಟಿ (ಹೈ ಟೆನ್ಷನ್) ಮೀಟರಿಗೆ ಅದನ್ನು ಬಿಲ್ಲಿನಲ್ಲಿರುವ ಕಾನ್‌ಸ್ಟಂಟ್‌ನಿಂದ, ಅಂದರೆ ಆ ಮೀಟರಿನ ಗುಣಕದಿಂದ ಗುಣಿಸಬೇಕು. ತಿಂಗಳ ರೀಡಿಂಗ್ ವ್ಯತ್ಯಾಸ 850, ಕಾನ್‌ಸ್ಟಂಟ್ 40 ಎಂದಿಟ್ಟುಕೊಳ್ಳಿ. ಆಗ ಬಳಕೆ 34,000 ಯೂನಿಟ್, ವರ್ಷಕ್ಕೆ 4,08,000. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023–24ರ ಅಂಕಿ ಯೂನಿಟ್ಟಿಗೆ 0.727 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅಂದರೆ ಸುಮಾರು 297 ಟನ್. ಗುಣಿಸಲು ಮರೆತರೆ ಇದೇ ಲೆಕ್ಕ ಏಳೂವರೆ ಟನ್ನಿಗೆ ಇಳಿದು ಧಣಿಗಳಿಗೆ ಖುಷಿಯಾಗುತ್ತದೆ, ಖರೀದಿದಾರರಿಗೆ ಅನುಮಾನ ಹುಟ್ಟುತ್ತದೆ. ಯಾವ ವರ್ಷದ ಅಂಕಿ, ಯಾವ ಆವೃತ್ತಿ ಎಂಬುದನ್ನು ಪಕ್ಕದಲ್ಲೇ ಬರೆದಿಡಿ.

ಸೋಲಾರ್ ನೆಟ್ ಮೀಟರಿಂಗ್ ಇದ್ದರೆ ಬಿಲ್ಲಿನಲ್ಲಿ ಇಂಪೋರ್ಟ್, ಎಕ್ಸ್‌ಪೋರ್ಟ್ ಎರಡೂ ಇರುತ್ತವೆ. ಸ್ಕೋಪ್ 2ಕ್ಕೆ (ಹೊರಗಿನಿಂದ ಕೊಂಡ ವಿದ್ಯುತ್ತಿನ ಲೆಕ್ಕಕ್ಕೆ) ಪೂರ್ತಿ ಇಂಪೋರ್ಟ್ ಹಿಡಿಯಬೇಕು. ಹಗಲು ಗ್ರಿಡ್ಡಿಗೆ ಕೊಟ್ಟದ್ದನ್ನು ರಾತ್ರಿ ತೆಗೆದುಕೊಂಡದ್ದರಿಂದ ಕಳೆಯಬಾರದು. ಕೊಟ್ಟ ಯೂನಿಟ್‌ಗಳನ್ನು ಬೇರೆಯಾಗಿ ನಮೂದಿಸಬಹುದು.

ಜನರೇಟರಿನ ಡೀಸೆಲ್‌ಗೆ ಪಂಪಿನ ಬಿಲ್ಲು ಒಂದೇ ಸಾಲದು. ಆರಂಭದ ದಾಸ್ತಾನಿಗೆ ಖರೀದಿ ಕೂಡಿಸಿ, ಕೊನೆಯ ದಾಸ್ತಾನು ಕಳೆದರೆ ಬಳಕೆ ಸಿಗುತ್ತದೆ. ಲೀಟರಿಗೆ ಸುಮಾರು 2.68 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹಿಡಿಯಿರಿ. ಬಳಿಕ ಜನರೇಟರಿನ ಯೂನಿಟ್ ಮೀಟರಿಗೆ ತಾಳೆ ನೋಡಿ. ಸಾಮಾನ್ಯವಾಗಿ ಲೀಟರಿಗೆ 3ರಿಂದ 3.5 ಯೂನಿಟ್ ಬರುತ್ತದೆ. ನಿಮ್ಮ ಲೆಕ್ಕ 6 ತೋರಿಸಿದರೆ ಎಲ್ಲೋ ಡೀಸೆಲ್ ಬಿಲ್ಲು ತಪ್ಪಿಹೋಗಿದೆ, 1.5 ತೋರಿಸಿದರೆ ಅದೇ ಬ್ಯಾರೆಲ್ಲಿನಿಂದ ಲಾರಿಗೂ ಹಾಕಿದ್ದಾರೆ. ಪ್ಯಾಕಿಂಗ್ ಕೋಣೆಯ ಎಸಿಯನ್ನೂ ಮರೆಯಬೇಡಿ. ಆರ್-410ಎ ಗ್ಯಾಸ್ ಒಂದು ಕೆ.ಜಿ. ಸೋರಿದರೆ ಸುಮಾರು 2 ಟನ್ ಡೈಆಕ್ಸೈಡಿಗೆ ಸಮ, ಅಂದರೆ ಹತ್ತಿರ ಹತ್ತಿರ 750 ಲೀಟರ್ ಡೀಸೆಲ್ ಸುಟ್ಟ ಹಾಗೆ. ಸರ್ವಿಸ್‌ನವರ ಬಿಲ್ಲಿನಲ್ಲಿ ಎಷ್ಟು ಕೆ.ಜಿ. ತುಂಬಿದರೆಂದು ಬರೆಸಿಕೊಳ್ಳಿ, ‘ಗ್ಯಾಸ್ ಫಿಲ್ಲಿಂಗ್’ ಎಂದಷ್ಟೇ ಇದ್ದರೆ ಪ್ರಯೋಜನವಿಲ್ಲ.

ಸಿಪ್ಪೆಗೆ ತೂಕದ ಸಮತೋಲನ ನೋಡಿ. ಕಚ್ಚಾ ಬೀಜದ ತೂಕದಲ್ಲಿ ಸುಮಾರು ನೂರಕ್ಕೆ 70ರಷ್ಟು ಸಿಪ್ಪೆ. 1,000 ಟನ್ ಬೀಜ ಸಂಸ್ಕರಿಸಿ, 400 ಟನ್ ಸಿಪ್ಪೆಯನ್ನು ಎಣ್ಣೆ ತೆಗೆಯುವವರಿಗೆ ಮಾರಿದ ಇನ್‌ವಾಯ್ಸ್ ಇದ್ದರೆ, ನೀವು ಉರಿಸಿದ್ದು 300 ಟನ್ನಿನ ಆಸುಪಾಸಿನಲ್ಲೇ ಇರಬೇಕು. 500 ಟನ್ ಎಂದು ಬರೆದಿದ್ದರೆ ಆ ಪುಟವನ್ನು ಯಾರೂ ನಂಬುವುದಿಲ್ಲ, ನಂಬಲೂ ಬಾರದು.

ಕೊನೆಗೆ, ನಿಮ್ಮ ಕಾರ್ಖಾನೆಯೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟ ಕಾಗದಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅಪಾಯಕಾರಿ ತ್ಯಾಜ್ಯದ ಫಾರ್ಮ್ 4 ಜೂನ್ 30ರೊಳಗೆ, ಪರಿಸರ ಹೇಳಿಕೆಯ ಫಾರ್ಮ್ 5 ಸೆಪ್ಟೆಂಬರ್ 30ರೊಳಗೆ ಹೋಗಿರಬೇಕು. ಫಾರ್ಮ್ 4ರಲ್ಲಿ ಜನರೇಟರಿನ ಹಳೆ ಆಯಿಲ್ 120 ಲೀಟರ್ ಎಂದಿದ್ದು, ಖರೀದಿದಾರರ ಫಾರ್ಮಿನಲ್ಲಿ ‘ಅಪಾಯಕಾರಿ ತ್ಯಾಜ್ಯ ಇಲ್ಲ’ ಎಂದಿದ್ದರೆ, ಸರಿಯಾಗಿ ಮಾಡಿದ ಉಳಿದ ಲೆಕ್ಕವೂ ಅದರ ಜೊತೆಗೇ ಬಿದ್ದುಹೋಗುತ್ತದೆ.

ಧಣಿಗಳಿಗೆ ಡಬ್ಬಿಯ ಮೇಲೆ ಏನಾದರೂ ಬರೆಯಲೇಬೇಕೆಂದಿದ್ದರೆ, ಸಾಬೀತು ಮಾಡಬಹುದಾದ ಒಂದೇ ಮಾತು ಬರೆಯಲಿ: ‘ಈ ಕಾರ್ಖಾನೆಯ ಬಾಯ್ಲರಿಗೆ 2024–25ರಲ್ಲಿ ಬಳಸಿದ ಇಂಧನ ಪೂರ್ತಿ ಗೇರು ಸಿಪ್ಪೆ.’ ವಿವರ ಸಿಗುವ ಕ್ಯೂಆರ್ ಕೋಡ್ ಪಕ್ಕದಲ್ಲಿರಲಿ. ತಿರುಳು ಒಣಗಿಸುವ ಬೋರ್ಮಾಕ್ಕೆ ಎಲ್‌ಪಿಜಿ ಬಳಸುತ್ತಿದ್ದರೆ ಅದನ್ನು ಮುಚ್ಚಿಡಬೇಡಿ.

ಪ್ರಶ್ನೆ: ಸುಸ್ಥಿರತೆಯ ಕ್ಷೇತ್ರದಲ್ಲಿ ಕೆಲಸ ಹುಡುಕುತ್ತಿದ್ದೇನೆ. ಯಾವ ಸರ್ಟಿಫಿಕೇಟ್ ಇದ್ದರೆ ಜನ ನಂಬುತ್ತಾರೆ? (ಮಣಿಪಾಲದ ವಿದ್ಯಾರ್ಥಿನಿ)

ಉತ್ತರ: ಎಂಜಿನಿಯರಿಂಗ್ ಓದಿದ್ದರೆ ಇಂಧನ ದಕ್ಷತಾ ಬ್ಯೂರೊ ನಡೆಸುವ ಎನರ್ಜಿ ಆಡಿಟರ್ ಪರೀಕ್ಷೆಯತ್ತ ಗಮನ ಕೊಡಿ. ಬಾಯ್ಲರ್, ಮೋಟಾರ್, ಕಂಪ್ರೆಸರ್ ಅಳೆಯಲು ಬರುವವರ ಮಾತಿಗೆ ಕಾರ್ಖಾನೆಯಲ್ಲಿ ಬೆಲೆ ಇದೆ. ಅದಕ್ಕೆ ಕೆಲಸದ ಅನುಭವ ಬೇಕು, ಕೂಡಲೇ ಆಗುವುದಲ್ಲ. ವಾಣಿಜ್ಯ ಓದಿದ್ದರೆ ಜಿಎಚ್‌ಜಿ ಪ್ರೋಟೊಕಾಲ್‌ನ ಕಾರ್ಪೊರೇಟ್ ಮಾನದಂಡ ಉಚಿತವಾಗಿ ಸಿಗುತ್ತದೆ, ಪೂರ್ತಿ ಓದಿ. ಷೇರುಪೇಟೆ ನಿಯಂತ್ರಕ ಸೆಬಿಯ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆ ಮತ್ತು ಸುಸ್ಥಿರತೆಯ ವರದಿ) ನಮೂನೆಯನ್ನು ಯಾವುದಾದರೂ ಲಿಸ್ಟೆಡ್ ಕಂಪನಿಯ ವರದಿಯ ಜೊತೆ ಸಾಲು ಸಾಲಾಗಿ ಹೋಲಿಸಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳಿಗೆ ಅದು 2022–23ರಿಂದ ಕಡ್ಡಾಯ, ಮಾದರಿಗಳಿಗೆ ಕೊರತೆಯಿಲ್ಲ. ಎರಡು ದಿನದ ಆನ್‌ಲೈನ್ ಕೋರ್ಸಿನ ಬ್ಯಾಡ್ಜನ್ನು ಹೆಸರಿನ ಮುಂದೆ ಹಾಕಿಕೊಳ್ಳಬೇಡಿ. ಸಂದರ್ಶನದ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ.

ಪ್ರಶ್ನೆ: ಉಡುಪಿಯಲ್ಲಿ ಸಲಹೆಗಾರನಾಗಿದ್ದೇನೆ. ಒಂದು ಕಂಪನಿಯ ವರದಿ ಮಾಡಿಕೊಟ್ಟೆ. ಅದನ್ನು ಪರಿಶೀಲಿಸಿದ್ದಾಗಿಯೂ ನೀವೇ ಸಹಿ ಹಾಕಿ ಎನ್ನುತ್ತಿದ್ದಾರೆ. ಕಳೆದ ವರ್ಷದ ಡೀಸೆಲ್ ಲೆಕ್ಕ ತಪ್ಪಿತ್ತು, ಅದನ್ನು ಸದ್ದಿಲ್ಲದೆ ತಿದ್ದಿ ಎಂದೂ ಹೇಳಿದ್ದಾರೆ.

ಉತ್ತರ: ಎರಡಕ್ಕೂ ಒಪ್ಪಬೇಡಿ. ಲೆಕ್ಕ ಬರೆದವರೇ ಅದನ್ನು ಪರಿಶೀಲಿಸಿದರೆ ಅದು ಪರಿಶೀಲನೆಯಲ್ಲ. ಬಿಆರ್‌ಎಸ್‌ಆರ್‌ನ ಮುಖ್ಯ ಅಂಕಿಗಳ ಭಾಗವಾದ ಬಿಆರ್‌ಎಸ್‌ಆರ್ ಕೋರ್ ವಿಷಯದಲ್ಲಿ ಸೆಬಿ, ಪರಿಶೀಲಕರಿಗೆ ಹಿತಾಸಕ್ತಿಯ ಸಂಘರ್ಷ ಇಲ್ಲದಂತೆ ನೋಡಿಕೊಳ್ಳುವ ಹೊಣೆಯನ್ನು ಕಂಪನಿಯ ಮಂಡಳಿಯ ಮೇಲೇ ಹಾಕಿದೆ. ಸಣ್ಣ ಕಂಪನಿಗೆ ಆ ನಿಯಮ ತಗಲದಿರಬಹುದು, ತತ್ವ ತಗಲುತ್ತದೆ. ಹಸಿರುಮನೆ ಅನಿಲದ ಪರಿಶೀಲನೆಗೆ ಪರಿಶೀಲನಾ ಸಂಸ್ಥೆಗಳ ಮಾನದಂಡವಾದ ಐಎಸ್‌ಒ 14065ರಡಿ ಎನ್‌ಎಬಿಸಿಬಿ (ಭಾರತದ ಮಾನ್ಯತಾ ಮಂಡಳಿ) ಮಾನ್ಯತೆ ಪಡೆದ ಸಂಸ್ಥೆಯನ್ನು ಸೂಚಿಸಿ. ಹೇಳಿಕೆಯಲ್ಲಿ ಅವಧಿ, ವ್ಯಾಪ್ತಿ, ಮಾನದಂಡ ಮತ್ತು ಖಾತರಿ ‘ಸೀಮಿತ’ವೋ (ಮೇಲ್ಮಟ್ಟದ ಪರಿಶೀಲನೆ) ‘ಸಮಂಜಸ’ವೋ (ಆಳವಾದ ಪರಿಶೀಲನೆ) ಎಂಬುದು ಇರಲೇಬೇಕು.

ಹಳೆಯ ತಪ್ಪನ್ನು ತಿದ್ದುವುದು ಸರಿ, ಬಚ್ಚಿಟ್ಟು ತಿದ್ದುವುದು ತಪ್ಪು. ಹಳೆ ಅಂಕಿ, ಹೊಸ ಅಂಕಿ ಎರಡನ್ನೂ ಕೋಷ್ಟಕದಲ್ಲಿ ಕೊಟ್ಟು, ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ: ‘ಎರಡನೇ ಜನರೇಟರಿನ ಡೀಸೆಲ್ ಬಿಟ್ಟುಹೋಗಿತ್ತು.’ ಒಟ್ಟು ಲೆಕ್ಕದ ಶೇ 5ಕ್ಕಿಂತ ಹೆಚ್ಚು ಬದಲಾದರೆ ಆಧಾರ ವರ್ಷವನ್ನೂ (ಮುಂದಿನ ವರ್ಷಗಳನ್ನು ಹೋಲಿಸುವ ಮೊದಲ ವರ್ಷ) ಮರುಲೆಕ್ಕ ಮಾಡುವುದು ಹಲವು ಕಂಪನಿಗಳ ರೂಢಿ; ನಿಮ್ಮ ಮಿತಿ ಯಾವುದೆಂದು ವರದಿಯಲ್ಲೇ ಹೇಳಿ.

ಮುಂದಿನ ಒಪ್ಪಂದದಲ್ಲಿ ಎರಡು ಷರತ್ತು ಸೇರಿಸಿ. ನೀವು ಒಪ್ಪಿಸಿದ ಅಂಕಿಗಳನ್ನು ಕಂಪನಿ ಬದಲಿಸಿದರೆ ನಿಮ್ಮ ಹೆಸರನ್ನು ವರದಿಯಿಂದ ತೆಗೆಯಬೇಕು. ಲೆಕ್ಕದ ಕಡತದ, ಬಿಲ್ಲುಗಳ ಪ್ರತಿ ಕನಿಷ್ಠ ಐದು ವರ್ಷ ನಿಮ್ಮ ಬಳಿಯೂ ಇರಬೇಕು. ಈ ಸಲದ ವರದಿಗೆ, ಅಂತಿಮ ಕಡತವನ್ನು ದಿನಾಂಕ ಸಹಿತ ಇಮೇಲ್‌ನಲ್ಲಿ ಕಳಿಸಿ ‘ತಲುಪಿದೆ’ ಎಂಬ ಉತ್ತರ ತರಿಸಿಕೊಳ್ಳಿ. ಆಮೇಲೆ ಅಂಕಿ ಬದಲಾದರೆ ಯಾರು ಬದಲಿಸಿದರೆಂದು ಅದೇ ತೋರಿಸುತ್ತದೆ.