ಹುದ್ದೆಯಿಲ್ಲ, ಹೊಣೆಯಿದೆ

ಪ್ರಶ್ನೆ: ವಿರಾಜಪೇಟೆ ಬಳಿಯ ಕಾಫಿ ತೋಟದಲ್ಲಿ ಕೊಯ್ಲಿನ ತೂಕ ಬರೆಯುತ್ತೇನೆ. ಮೇಸ್ತ್ರಿ ಊರಿಗೆ ಹೋಗಿದ್ದಾರೆ, ಮಾಲೀಕರು ‘ನೀನೇ ನೋಡಿಕೊ’ ಎಂದಿದ್ದಾರೆ. ಕೆಲಸದವರು ನನ್ನ ಮಾತಿಗೆ ಬೆಲೆ ಕೊಡುತ್ತಿಲ್ಲ. ಏನು ಮಾಡಲಿ?

ಉತ್ತರ: ತಕ್ಕಡಿಯಿಂದಲೇ ಶುರು ಮಾಡಿ. ಕಿಲೋ ಲೆಕ್ಕದ ಕೂಲಿಯಲ್ಲಿ ನಂಬಿಕೆ ಹುಟ್ಟುವುದೂ ಸಾಯುವುದೂ ಅಲ್ಲೇ. ತೂಗುವ ಮೊದಲು ಮುಳ್ಳು ಸೊನ್ನೆಯಲ್ಲಿರುವುದನ್ನು ಎಲ್ಲರಿಗೂ ತೋರಿಸಿ. ಖಾಲಿ ಚೀಲವನ್ನು ಅವರೆದುರೇ ತೂಗಿ, ಅಷ್ಟನ್ನೇ ಕಳೆಯಿರಿ. ಅಂದಾಜಿನಲ್ಲಿ ಚೀಲಕ್ಕೆ 400 ಗ್ರಾಂ ಹೆಚ್ಚು ಕಳೆದರೆ ಮೂರು ಚೀಲಕ್ಕೆ 1.2 ಕಿಲೋ ಕೂಲಿ ಹೋಯಿತು. ಅದು ಅವರಿಗೆ ಗೊತ್ತಾಗದೆ ಇರುವುದಿಲ್ಲ. ಇಬ್ಬನಿಯಲ್ಲಿ ನೆನೆದ ಗೋಣಿ ಹೆಚ್ಚು ತೂಗುತ್ತದೆ, ಅದನ್ನು ಬೇರೆಯೇ ತೂಗಿ. ಅಂಕಿಯನ್ನು ಗಟ್ಟಿಯಾಗಿ ಓದಿ, ಅವರ ಚೀಟಿಯಲ್ಲೂ ಬರೆದುಕೊಡಿ.

ಹಸಿರು ಕಾಯಿ ಬಂದರೆ ಎಲ್ಲರೆದುರು ಗದರಬೇಡಿ. ಒಂದು ಹಿಡಿ ಟಾರ್ಪಾಲಿನ ಮೇಲೆ ಹರಡಿ, ಕೊಯ್ದವರ ಕೈಯಲ್ಲೇ ಹಣ್ಣು, ಕಾಯಿ ಬೇರೆ ಮಾಡಿಸಿ. ಫಸಲು ಚೆನ್ನಾಗಿರುವ ಸಾಲುಗಳನ್ನು ಚೀಟಿ ಎತ್ತಿಸಿ ಹಂಚಿ.

ಮುಂಗಡ, ಕೂಲಿ ದರದ ಬಗ್ಗೆ ಮಾತ್ರ ಮಾತು ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. ‘ಶನಿವಾರ ಕೇಳಿ ಹೇಳುತ್ತೇನೆ’ ಎಂದರೆ, ಮಾಲೀಕರು ಒಪ್ಪದಿದ್ದರೂ ಶನಿವಾರವೇ ಹೋಗಿ ಹೇಳಿ.