ಹೊಗೆಗೂ ಸಂತೆ ಕಟ್ಟಿದರೆ ಹೊಸ ಯಂತ್ರ ಬರುತ್ತಾ?

ಪ್ರಶ್ನೆ: ಇಂಗಾಲದ ಪರ್ಮಿಟ್ ವ್ಯಾಪಾರ ಬಂದರೆ ಕಾರ್ಖಾನೆಗಳು ಹೊಸ ತಂತ್ರಜ್ಞಾನ ಹುಡುಕುತ್ತವೆ ಅಂತ ಕ್ಲಾಸಿನಲ್ಲಿ ಹೇಳಿದರು. ದುಡ್ಡಿದ್ದವರು ಪರ್ಮಿಟ್ ಕೊಂಡುಕೊಂಡು ಸುಮ್ನೆ ಹೊಗೆ ಬಿಡ್ತಾನೇ ಇರಲ್ವಾ ಸರ್?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ಇರುತ್ತಾರೆ, ಪರ್ಮಿಟ್ ಅಗ್ಗವಾಗಿರುವವರೆಗೂ. ಪರ್ಮಿಟ್ ಅಂದರೆ ಇಷ್ಟು ಟನ್ ಇಂಗಾಲದ ಹೊಗೆ ಬಿಡಬಹುದು ಅನ್ನೋ ಅನುಮತಿ ಚೀಟಿ; ಉಳಿದರೆ ಮಾರಬಹುದು, ಸಾಲದಿದ್ದರೆ ಕೊಳ್ಳಬೇಕು.

ನಿಮ್ಮೂರ ನಾಲೆಯನ್ನೇ ತಗೊಳ್ಳಿ. ಕನ್ನಂಬಾಡಿ ತುಂಬಿದ ವರ್ಷ ಯಾರಾದರೂ ಹನಿ ನೀರಾವರಿ ಪೈಪಿನ ರೇಟು ವಿಚಾರಿಸುತ್ತಾರಾ? ಅದೇ ಒಬ್ಬೊಬ್ಬರಿಗೆ ಇಷ್ಟೇ ನೀರು, ಉಳಿಸಿದ್ದನ್ನು ಪಕ್ಕದ ಗದ್ದೆಯವರಿಗೆ ಮಾರಿಕೊಳ್ಳಿ ಅಂದುಬಿಟ್ಟರೆ, ಇಷ್ಟು ದಿನ ರಾತ್ರಿಯಿಡೀ ತೂಬು ತೆಗೆದಿಟ್ಟು ಮಲಗುತ್ತಿದ್ದವರೂ ಬೆಳಗ್ಗೆ ಪೈಪ್ ಅಂಗಡಿ ಮುಂದೆ ನಿಂತಿರುತ್ತಾರೆ.

ಯುರೋಪಿನಲ್ಲಿ 2005ರಲ್ಲಿ ಈ ಇಂಗಾಲದ ವ್ಯಾಪಾರ ಶುರು ಮಾಡಿದಾಗ ಪರ್ಮಿಟ್ ಜಾಸ್ತಿ ಹಂಚಿಬಿಟ್ಟರು. 2007ರ ಹೊತ್ತಿಗೆ ಬೆಲೆ ಹೆಚ್ಚುಕಮ್ಮಿ ಸೊನ್ನೆಗೆ ಬಿತ್ತು. ಆಮೇಲೆ ಮಿತಿ ಬಿಗಿ ಮಾಡಿದರು, 2019ರಿಂದ ಹೆಚ್ಚಿಗೆ ಇದ್ದ ಪರ್ಮಿಟ್‌ಗಳನ್ನು ಮಾರುಕಟ್ಟೆಯಿಂದ ಎಳೆದು ಪಕ್ಕಕ್ಕಿಟ್ಟರು. 2023ರ ಫೆಬ್ರವರಿಯಲ್ಲಿ ಟನ್ನಿಗೆ 100 ಯೂರೋ ದಾಟಿತು. ತಮಾಷೆ ಏನಂದ್ರೆ, ಬೆಲೆ ಬಿದ್ದಿದ್ದ ಆ ಮೊದಲ ವರ್ಷಗಳಲ್ಲೂ ಯೋಜನೆಯೊಳಗಿನ ಕಂಪನಿಗಳ ಕಡಿಮೆ ಇಂಗಾಲದ ತಂತ್ರಜ್ಞಾನದ ಪೇಟೆಂಟ್‌ಗಳು ಸುಮಾರು ಶೇ 10ರವರೆಗೆ ಏರಿದ್ದವು ಅಂತ 2016ರಲ್ಲಿ ಬಂದ ಒಂದು ಅಧ್ಯಯನ ಲೆಕ್ಕ ಹಾಕಿತು. ಇವತ್ತಿನ ಬೆಲೆಗಿಂತ ನಾಳೆಯ ಬೆಲೆಯ ಭಯವೇ ಕೆಲಸ ಮಾಡಿರಬೇಕು, ನನಗಂತೂ ಹಾಗನ್ನಿಸುತ್ತದೆ.

ಆದರೆ ಮೊದಲು ಎಲ್ಲರೂ ಹಿಡಿಯುವುದು ಸುಲಭದ ದಾರಿಯನ್ನೇ. ಅಮೆರಿಕದಲ್ಲಿ 1995ರಿಂದ ಗಂಧಕದ ಹೊಗೆಗೆ ಇಂಥದ್ದೇ ವ್ಯಾಪಾರ ಜಾರಿಗೆ ಬಂದಾಗ, ಎಷ್ಟೋ ವಿದ್ಯುತ್ ಸ್ಥಾವರಗಳು ಹೊಗೆ ತೊಳೆಯುವ ಯಂತ್ರ ಹಾಕಿಸಲಿಲ್ಲ, ಗಂಧಕ ಕಮ್ಮಿ ಇರುವ ಕಲ್ಲಿದ್ದಲು ತರಿಸಿಕೊಂಡವು. ತಪ್ಪೇನಿಲ್ಲ, ಹೊಗೆ ಕಮ್ಮಿಯಾಯಿತಲ್ಲ. ಹೊಸ ಆವಿಷ್ಕಾರ ಅಂತ ಮಾತ್ರ ಕರೆಯೋಕಾಗಲ್ಲ.

ನಮ್ಮಲ್ಲಿ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯ ಅಧಿಸೂಚನೆ ಬಂತು. ಸಿಮೆಂಟ್, ಅಲ್ಯುಮಿನಿಯಂನಂಥ ಉದ್ಯಮಗಳಿಗೆ ಒಟ್ಟು ಹೊಗೆಯ ಮಿತಿ ಹಾಕಿಲ್ಲ, ಒಂದು ಟನ್ ಮಾಲಿಗೆ ಎಷ್ಟು ಹೊಗೆ ಅಂತ ಗುರಿ ಕೊಡುತ್ತಾರೆ; ಗುರಿಗಿಂತ ಕಮ್ಮಿ ಬಿಟ್ಟವರಿಗೆ ಮಾರಿಕೊಳ್ಳಬಹುದಾದ ಕ್ರೆಡಿಟ್ ಸಿಗುತ್ತದೆ. ಆಲೆಮನೆಗಳು ಈ ಯೋಜನೆಯಲ್ಲಿಲ್ಲ, ಆದರೆ ಲೆಕ್ಕ ಅದೇ ತರಹದ್ದು: ದಿನಕ್ಕೆ ಎಷ್ಟು ಕೊಪ್ಪರಿಗೆ ಬೆಲ್ಲ ಇಳಿಸಿದಿರಿ ಅನ್ನೋದಲ್ಲ, ಒಂದು ಕೊಪ್ಪರಿಗೆಗೆ ಎಷ್ಟು ಸಿಪ್ಪೆ ಉರಿಸಿದಿರಿ ಅನ್ನೋದು. ಹಾಗಾಗಿ ಉತ್ಪಾದನೆ ಏರಿದರೆ ಒಟ್ಟು ಹೊಗೆಯೂ ಏರಬಹುದು. ಆದರೆ ಒಲೆ ಸುಧಾರಿಸಿದವನಿಗೆ ಲಾಭ ಇದ್ದೇ ಇದೆ.

ಒಂದು ಸಲ ಆಲೆಮನೆಗೆ ಹೋಗಿ ಹೊಗೆಗೂಡಿನ ಹತ್ತಿರ ನಿಂತು ನೋಡಿ, ಎಷ್ಟು ಬಿಸಿ ಸುಮ್ನೆ ಆಕಾಶಕ್ಕೆ ಹೋಗುತ್ತಿದೆ ಅಂತ. ಆ ಬಿಸಿಯಲ್ಲೇ ಮುಂದಿನ ಕೊಪ್ಪರಿಗೆಯ ಕಬ್ಬಿನ ಹಾಲು ಕಾಯಿಸೋಕೆ ಎಷ್ಟು ಖರ್ಚಾಗುತ್ತೆ ಅಂತ ಲೆಕ್ಕ ಹಾಕಿ. ಪ್ರಾಜೆಕ್ಟ್‌ಗೆ ಇದೇ ವಿಷಯ ತಗೊಂಡರೆ ನನಗೂ ಬರೆದು ತಿಳಿಸಿ.